ಥೈಸಿಸ್ ಎಂಬ ಇಂಗ್ಲಿಷ್ ಜಡ್ಡು

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ನನ್ನ ಬಲಗೈಯ ತೋರುಬೆರಳು ಸುಮ್ಮನಿರುವುದಿಲ್ಲ. ಹೊರಗೆ ಕಂಡ ಬೋರ್ಡುಗಳ ಇಂಗ್ಲಿಷ್ ಶಬ್ದಗಳನ್ನೆಲ್ಲ ತೊಡೆಯ ಮೇಲೆ ಒಂದೊಂದೇ ಅಕ್ಷರವಾಗಿ ಬರೆಯುತ್ತ ಹೋಗುತ್ತದೆ. ಟೈರ್ ಅಂಗಡಿ, ಮೆಡಿಕಲ್, ಬ್ಯೂಟಿ ಪಾರ್ಲರ್, ಯಾವುದನ್ನೂ ಬಿಡುವುದಿಲ್ಲ. ಬ್ಯೂಟಿಯಲ್ಲಿ ಇ ಮತ್ತು ಎ ಹಿಂದುಮುಂದಾಗಿದ್ದರಂತೂ ಬಸ್ಸು ಆ ಊರು ದಾಟಿದ ಮೇಲೂ ಬೆರಳು ಅದನ್ನೇ ತಿದ್ದುತ್ತಿರುತ್ತದೆ. ಮೊನ್ನೆ ರಾಯಬಾಗದಿಂದ ಚಿಕ್ಕೋಡಿಗೆ ಬರುವಾಗ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಬಹಳ ಹೊತ್ತು ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದಳು: “ಅಕ್ಕಾರ, ಕೈ ನಡಗತಾವೇನ್ರಿ? ನಮ್ಮ ಕಬ್ಬೂರಾಗ ಒಬ್ರು ಇದಕ್ಕ ಎಣ್ಣಿ ಕೊಡತಾರ.”

“ಇಲ್ರಿ, ಇದು ನಮ್ಮಪ್ಪನಿಂದ ಬಂದದ್ದು” ಎಂದೆ.

“ಹಂಗಾರ ಹೋಗೂದಿಲ್ಲ ಬಿಡ್ರಿ” ಎಂದು ಆಕೆ ಮರುಕಪಟ್ಟು ನನ್ನ ಕೈಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿದಳು. ಆಕೆ ಹೇಳಿದ್ದು ಸರಿಯೇ. ಅಪ್ಪನಿಂದ ಬಂದದ್ದು ಯಾವುದೂ ಹೋಗಿಲ್ಲ.

ನನ್ನ ಅಪ್ಪ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಊರಿನವರು ಅವರನ್ನು ಸ್ಪೆಲ್ಲಿಂಗ್ ಮಾಸ್ತರ ಎನ್ನುತ್ತಿದ್ದರು. ಇಂಗ್ಲಿಷ್ ಮಾಸ್ತರ ಎನ್ನದೆ ಸ್ಪೆಲ್ಲಿಂಗ್ ಮಾಸ್ತರ ಎಂದದ್ದಕ್ಕೆ ಕಾರಣವಿತ್ತು. ಅಪ್ಪನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಲು ಬರುತ್ತಿರಲಿಲ್ಲ. ಒಮ್ಮೆ ಬೆಳಗಾವಿಯಿಂದ ಬಂದ ಸಾಹೇಬರೊಬ್ಬರು ಅವರ ಕ್ಲಾಸಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅಪ್ಪ “ಎಸ್ ಸರ್” ಎಂದರು. ಸಾಹೇಬರು ಇನ್ನೊಂದು ಕೇಳಿದರು. ಅದಕ್ಕೂ “ಎಸ್ ಸರ್.” ಆದರೆ ಅದೇ ಸಾಹೇಬರು ಹೋಗುವಾಗ ಶಾಲೆಯ ಅಭಿಪ್ರಾಯ ಪುಸ್ತಕದಲ್ಲಿ ಬರೆದಿಟ್ಟ ಮಾತಿನಲ್ಲಿ ಅಕಾಮಡೇಶನ್ ಎಂಬ ಶಬ್ದಕ್ಕೆ ಒಂದು ಎಂ ಕಡಿಮೆ ಬಿದ್ದಿತ್ತು. ಅವರ ಜೀಪು ಗೇಟು ದಾಟುವ ಮೊದಲೇ ಅಪ್ಪ ಕೆಂಪು ಶಾಯಿಯಿಂದ ಆ ಎಂ ಸೇರಿಸಿ ಬಂದರು. ಹೆಡ್‌ಮಾಸ್ತರರು ಬಹಳ ದಿನ ಅವರನ್ನು ಮಾತಾಡಿಸಲಿಲ್ಲ.

ಅಪ್ಪನ ಬಳಿ ಒಂದು ಹಳೆಯ ಡಿಕ್ಷನರಿ ಇತ್ತು. ಬೇರೆಯವರು ಊಟದ ನಂತರ ಎಲೆ ಅಡಿಕೆ ಹಾಕಿಕೊಳ್ಳುವಂತೆ ಅವರು ಅದರಲ್ಲಿ ಒಂದು ಪುಟ ಓದುತ್ತಿದ್ದರು. ಸಿಕ್ಕಿದ ಕಷ್ಟದ ಶಬ್ದಗಳನ್ನು ಮರುದಿನ ಕ್ಲಾಸಿಗೆ ಒಯ್ಯುತ್ತಿದ್ದರು. ನ್ಯುಮೋನಿಯಾದ ಪಿ, ರುಮಾಟಿಸಂನ ಎಚ್, ಇವೆಲ್ಲ ಒಂಬತ್ತನೆಯ ಇಯತ್ತೆಯ ಹುಡುಗರಿಗೆ. ಹತ್ತನೆಯವರಿಗಾಗಿ ಅವರು ತೆಗೆದಿಟ್ಟಿದ್ದು ಥೈಸಿಸ್.

“ಹೇಳ್ರಿ, ಥೈಸಿಸ್” ಎಂದು ಎರಡೂ ಕೈ ಉಜ್ಜಿಕೊಳ್ಳುತ್ತಿದ್ದರು. ಹುಡುಗರು “ಟಿ, ಎಚ್...” ಎಂದು ಆರಂಭಿಸಿದರೆ ಅವರ ಮುಖ ಅರಳುತ್ತಿತ್ತು. “ಕುಂದ್ರು. ಮುಂದಿನವ.” ಅವನೂ “ಟಿ...” ಎನ್ನುತ್ತಿದ್ದ. “ಕುಂದ್ರು.” ಹೀಗೆ ಇಡೀ ಕ್ಲಾಸು ಕೂತ ಮೇಲೆ ಅಪ್ಪ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು: ಪಿ, ಎಚ್, ಟಿ, ಎಚ್, ಐ, ಎಸ್, ಐ, ಎಸ್. “ಮೊದಲಿನ ಪಿ ಎಚ್ ಎರಡೂ ಬರೀಬೇಕು, ಅನಬಾರದು. ಗ್ರೀಕರ ಶಬ್ದ ಇದು.”

“ಹಂಗಂದ್ರ ಏನ್ರಿ ಸರ್?” ಎಂದು ಯಾರಾದರೂ ಕೇಳಿದರೆ, “ಯಾವುದೋ ಒಂದ ಜಡ್ಡಿನ ಹೆಸರು. ಪರೀಕ್ಷಾಕ್ಕ ಬರೂದಿಲ್ಲ, ತಲಿ ಕೆಡಿಸ್ಕೋಬ್ಯಾಡ್ರಿ” ಎನ್ನುತ್ತಿದ್ದರು.

ಮೊದಲ ಸಲ ಕೇಳಿದಾಗಲೇ ಅದನ್ನು ಸರಿಯಾಗಿ ಹೇಳಿದವಳು ನನ್ನ ಅಕ್ಕ ಕಸ್ತೂರಿ ಒಬ್ಬಳೇ. ನನಗಿಂತ ಐದಾರು ವರ್ಷ ದೊಡ್ಡವಳು. ಕ್ಲಾಸಿನಲ್ಲಿ ಎದ್ದು ನಿಂತು ಎಂಟೂ ಅಕ್ಷರ ಪಟಪಟನೆ ಹೇಳಿ ಕೂತಳಂತೆ. ಅಪ್ಪನಿಗೆ ತಮ್ಮ ಬತ್ತಳಿಕೆಯ ಕೊನೆಯ ಬಾಣ ಮಗಳಿಂದಲೇ ವ್ಯರ್ಥವಾಯಿತಲ್ಲ ಎಂದು ಒಂದು ಕಡೆ ಬೇಜಾರು, ಇನ್ನೊಂದು ಕಡೆ ಹಿಗ್ಗು. ಅಕ್ಕ ಆಮೇಲೆ ನೀರಿಗೆ ಹೋಗಿ ಓಣಿಯ ಬೋರಿಂಗಿನ ಹಿಡಿಕೆ ಜಗ್ಗುವಾಗ ಅದೇ ಅಕ್ಷರಗಳನ್ನು ಹಾಡಿನಂತೆ ಅನ್ನುತ್ತಿದ್ದಳು. ಒಂದು ಜಗ್ಗಿಗೆ ಒಂದು ಅಕ್ಷರ. ಅವಳ ಕೊಡ ಬೇಗ ತುಂಬುತ್ತದೆ ಎಂದು ನಾನೂ ಹಾಗೇ ಮಾಡಲು ಹೋಗಿ ಎಸ್ ಮತ್ತು ಐಗಳ ನಡುವೆ ಸಿಕ್ಕಿಕೊಂಡು ನೀರನ್ನೆಲ್ಲ ಕಾಲ ಮೇಲೆ ಚೆಲ್ಲಿಕೊಳ್ಳುತ್ತಿದ್ದೆ.

ಪಿಯುಸಿ ಆದ ಮೇಲೆ ಅಕ್ಕ ಒಂದಷ್ಟು ಕಾಲ ಬೋರಗಾಂವದ ಅಜ್ಜಿಯ ಮನೆಯಲ್ಲಿದ್ದಳು. ಬೋರಗಾಂವ ಎಂದರೆ ನನಗೆ ನೆನಪಾಗುವುದು ಮಗ್ಗದ ಸದ್ದು. ಅಲ್ಲಿ ಓಣಿಗೆ ಓಣಿಯೇ ಖಟಖಟ ಎನ್ನುತ್ತಿತ್ತು. ಕರೆಂಟು ಹೋದಾಗ ಆಗುವ ನಿಶ್ಶಬ್ದಕ್ಕೆ ತೊಟ್ಟಿಲ ಕೂಸುಗಳು ಎಚ್ಚರಾಗಿ ಅಳುತ್ತಿದ್ದವು. ಅಜ್ಜಿಯ ಮನೆಯ ಮುಂಭಾಗದಲ್ಲೂ ಮಗ್ಗ, ಹಿಂಭಾಗದಲ್ಲಿ ಅಡುಗೆ. ಅರಳೆಯ ಎಳೆ ಅನ್ನದ ಮೇಲೂ ಕೂರುತ್ತಿತ್ತು. ಅಲ್ಲಿಂದ ಬರುವಾಗ ಅಕ್ಕ ಕೆಮ್ಮು ತಂದಳು. ಮಗ್ಗದ ಧೂಳು ಎಂದು ಅವ್ವ ಅರಿಶಿಣ ಹಾಕಿದ ಹಾಲು ಕೊಟ್ಟಳು. ರೋಗ ಅಲ್ಲಿಂದಲೇ ಬಂತೋ, ಚಿಕ್ಕೋಡಿಯಲ್ಲೇ ಯಾರಿಂದಲೋ ತಗುಲಿತೋ, ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವಳಿಗೆ ಅಥಣಿ ತಾಲೂಕಿನ ಐಗಳಿಯಿಂದ ಗಂಡು ಬಂದಿತ್ತು. ದ್ರಾಕ್ಷಿ ತೋಟದ ಮನೆತನ. ಹುಡುಗನ ಹೆಸರು ಬಾಳಾಸಾಬ. ಮಾತು ಕಡಿಮೆ, ನಗು ಹೆಚ್ಚು. ಸಾಕರಪುಡಾ ಆಗಿ, ಮದುವೆ ನಿಶ್ಚಯವಾಯಿತೆಂದು ಎರಡೂ ಕಡೆ ಸಕ್ಕರೆ ಹಂಚಿದ್ದಾಯಿತು. ಆದರೆ ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಅಕ್ಕನ ಕಣ್ಣು ಕೆಂಪಗೆ, ಮೈ ಬೆಚ್ಚಗೆ. ರವಿಕೆಗಳೆಲ್ಲ ಸಡಿಲಾಗಿ ಅವ್ವ ಕೂತು ಹೊಲಿಗೆ ಹಾಕತೊಡಗಿದಳು. ಊರಿನ ವಯಸ್ಸಾದ ಡಾಕ್ಟರೊಬ್ಬರು ನೋಡಿ, ಎಕ್ಸ್‌ರೇ ತೆಗೆಸಿ ಎಂದರು.

ಎಕ್ಸ್‌ರೇಗೆ ನಿಪ್ಪಾಣಿಗೆ ಹೋಗಬೇಕಾಯಿತು. ನನಗೆ ಶಾಲೆಯ ಸೂಟಿ ಇದ್ದುದರಿಂದ ನನ್ನನ್ನೂ ಕರೆದೊಯ್ದರು. ಆ ಕಾಲದಲ್ಲಿ ನಿಪ್ಪಾಣಿ ಹತ್ತಿರವಾಯಿತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದಿತ್ತು. ತಂಬಾಕಿನ ಘಾಟು ಕಿಟಕಿಯೊಳಗೆ ನುಗ್ಗಿ ಬಸ್ಸಿನಲ್ಲಿದ್ದ ಹೊಸಬರೆಲ್ಲ ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದರು. ಅಂದು ಅವರ ಸೀನು, ಕೆಮ್ಮುಗಳ ನಡುವೆ ಅಕ್ಕನ ಕೆಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಅವ್ವನಿಗೆ ಅಷ್ಟೇ ದೊಡ್ಡ ಸಮಾಧಾನ.

ಊರಿಗೆ ತಂದ ಎಕ್ಸ್‌ರೇ ನೋಡಿದ ಅದೇ ವಯಸ್ಸಾದ ಡಾಕ್ಟರು ಒಂದು ಚೀಟಿಯಲ್ಲಿ ರೋಗದ ಹೆಸರನ್ನೂ ಔಷಧಗಳನ್ನೂ ಬರೆದು ಅಪ್ಪನ ಕೈಗೆ ಕೊಟ್ಟರು. ಹೊಸ ಡಾಕ್ಟರುಗಳು ಎರಡಕ್ಷರದಲ್ಲಿ ಮುಗಿಸುವುದನ್ನು ಅವರು ತಾವು ಕಲಿತ ಕಾಲದ ರೂಢಿಯಂತೆ ಪೂರ್ತಿ ಬರೆಯುತ್ತಿದ್ದರು. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು. ಅವರ ಮುಖದಲ್ಲಿ ಒಂದು ಬೆಳಕು ಬಂತು. “ಬರೋಬ್ಬರಿ ಬರದೀರಿ ಡಾಕ್ಟರ. ಪಿ ಎಚ್ ಬಿಟ್ಟಿಲ್ಲ” ಎಂದರು.

ಡಾಕ್ಟರು ಅವರನ್ನೇ ನೋಡುತ್ತ ಕೂತರು. ಆಗ ಅಪ್ಪನಿಗೆ ತಾವು ಓದಿದ್ದೇನೆಂಬುದು ತಿಳಿಯಿತು. ಅಕ್ಕ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ, ಸಣ್ಣ ದನಿಯಲ್ಲಿ, “ಇದಽ ಏನಪ್ಪಾ ಅದು?” ಎಂದಳು.

“ಮಾಸ್ತರ, ಹೆದರಬ್ಯಾಡ್ರಿ” ಎಂದರು ಡಾಕ್ಟರು. “ಈಗ ಚಲೋ ಗುಳಿಗಿ ಬಂದಾವ, ಪೂರಾ ಗುಣ ಆಗತೈತಿ. ಆದ್ರ ನಡುವ ಬಿಡಬಾರದು. ಆರಾಮ ಆತು ಅಂತ ಬಿಟ್ರ ಜಡ್ಡು ಹಟಾ ಹಿಡಿತೈತಿ. ಆಮ್ಯಾಲ ಇವಽ ಗುಳಿಗಿ ನಾಟೂದಿಲ್ಲ. ಮದಿವಿ ಸ್ವಲ್ಪ ಮುಂದ ಹಾಕ್ರಿ.”

ಥೈಸಿಸ್ ಅಂದರೆ ಕ್ಷಯ. ಆ ಕಾಲದಲ್ಲಿ ನಮ್ಮ ಕಡೆ ಆ ಶಬ್ದವನ್ನು ಮನೆಯೊಳಗೆ ಯಾರೂ ಗಟ್ಟಿಯಾಗಿ ಅನ್ನುತ್ತಿರಲಿಲ್ಲ. ದೊಡ್ಡ ಜಡ್ಡು ಎನ್ನುತ್ತಿದ್ದರು. ಟಿ.ಬಿ. ಎಂದರೆ ಹೊಲದಲ್ಲಿ ಕಳೆ ತೆಗೆಯುವವರಿಗೂ ಗೊತ್ತಾಗುತ್ತಿತ್ತು. ದೊಡ್ಡ ಜಡ್ಡಿನ ಮನೆಯಿಂದ ಹೆಣ್ಣು ತರುವವರಿಲ್ಲ, ಅಂಥ ಮನೆಗೆ ಕೊಡುವವರೂ ಇಲ್ಲ. ಅಕ್ಕನ ಹಿಂದೆ ನಾನೊಬ್ಬಳಿದ್ದೆ. ಅಪ್ಪ ಏನೇನು ಲೆಕ್ಕ ಹಾಕಿದರೋ, ಬೀಗರು ವಿಚಾರಿಸಿಕೊಂಡು ಹೋಗಲು ಬಂದಾಗ ನೆಟ್ಟಗೆ ಕೂತು, “ಹುಡುಗಿಗೆ ಸ್ವಲ್ಪ ಥೈಸಿಸ್ ಆಗೇತ್ರಿ” ಎಂದರು.

“ಏನಂದ್ರಿ?” ಎಂದರು ಹುಡುಗನ ತಂದೆ.

“ಥೈಸಿಸ್. ಇಂಗ್ಲೀಷ ಜಡ್ಡು. ಉಷ್ಣಕ್ಕ ಆಗತೈತಿ. ಗುಳಿಗಿ ಚಾಲೂ ಮಾಡೇವಿ.”

ಇಂಗ್ಲಿಷ್ ಮಾಸ್ತರರ ಮಗಳಿಗೆ ಇಂಗ್ಲಿಷ್ ಜಡ್ಡೇ ಬಂತಲ್ಲ ಎಂದು ಬೀಗರು ನಕ್ಕರು. ಬೀಗಿತ್ತಿಯವರು ಮಾತ್ರ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಭಕ್ತಿಯಿಂದ, “ತಾಯಿದಽ ಏನಾರ ಇರಬೇಕ್ರಿ” ಎಂದರು. ಥೈಸಿಸ್ ಅವರ ಕಿವಿಗೆ ತಾಯಿಸಿಸ್ ಎಂದು ಬಿದ್ದಿತ್ತು. ಊರಿಗೆ ಹೋಗಿ ದೇವಿಗೆ ಹರಕೆ ಹೊತ್ತರು. ಅಡುಗೆಮನೆಯಲ್ಲಿ ಅವ್ವ ಒಲೆಯ ಮುಂದೆ ನಿಂತವಳು ನಿಂತೇ ಇದ್ದಳು. ಚಹಾ ಉಕ್ಕಿ ಒಲೆ ಆರಿತು.

ಗುಳಿಗೆಗಳು ನಿಜವಾಗಿಯೂ ಒಳ್ಳೆಯವಿದ್ದವು. ಕೆಲವು ತಿಂಗಳಲ್ಲಿ ಅಕ್ಕನ ಜ್ವರ ಹೋಯಿತು, ಹಸಿವು ಬಂತು. ಅವ್ವ ರವಿಕೆಗಳಿಗೆ ಹಾಕಿದ್ದ ಹೊಲಿಗೆ ಬಿಚ್ಚಿದಳು. ಅಕ್ಕ ಮತ್ತೆ ಬೋರಿಂಗ್ ಜಗ್ಗಲು ಹೋದಳು, ಹಾಡು ಮಾತ್ರ ನಿಂತಿತ್ತು. ಅತ್ತ ಐಗಳಿಯಲ್ಲಿ ಬಾಳಾಸಾಬನ ಅಜ್ಜಿ ಹಾಸಿಗೆ ಹಿಡಿದಿದ್ದರು. ಮೊಮ್ಮಗನ ತಲೆಗೆ ಅಕ್ಕಿಕಾಳು ಬೀಳುವುದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದಾರೆಂದು ಮೇಲಿಂದ ಮೇಲೆ ಹೇಳಿ ಕಳಿಸಿದರು. ಅಕ್ಷಯ ತದಿಗೆಗೆ ಮದುವೆಯಾಯಿತು. ಆ ದಿನದ ಹೆಸರಿನಲ್ಲಿ ಏನಿದೆಯೆಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಗುಳಿಗೆ ಇನ್ನೂ ಕೆಲವು ತಿಂಗಳು ತೆಗೆದುಕೊಳ್ಳುವುದಿತ್ತು. ಅಪ್ಪ ಅಷ್ಟನ್ನೂ ಒಂದೇ ಸಲ ಕೊಂಡು, ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿ, ಅಕ್ಕನ ಟ್ರಂಕಿನ ತಳದಲ್ಲಿ ಇಟ್ಟರು. “ಯಾರಾರ ಕೇಳಿದ್ರ ಶಕ್ತಿ ಗುಳಿಗಿ ಅನ್ನು. ಭಾಳ ಕೇಳಿದ್ರ ಥೈಸಿಸ್ ಅನ್ನು. ಇನ್ನೊಂದ ಹೆಸರು ಮಾತ್ರ ಬಾಯಾಗ ತರಬ್ಯಾಡ. ನನ್ನ ಮ್ಯಾಲ ಆಣಿ” ಎಂದರು. ಅಕ್ಕ ತಲೆಯಾಡಿಸಿದಳು.

ಆ ವರ್ಷ ನಾಗರ ಪಂಚಮಿಗೆ ತವರಿಗೆ ಬಂದಾಗ ಅಕ್ಕನ ಗಲ್ಲಗಳು ತುಂಬಿದ್ದವು. ಅಕ್ಕನ ಗಂಡನನ್ನು ನಮ್ಮಲ್ಲಿ ಮಾಮಾ ಎನ್ನುತ್ತೇವೆ. ಬಾಳಾಸಾಬ ಮಾಮಾ ಒಂದು ಚೀಲ ಒಣದ್ರಾಕ್ಷಿ ತಂದಿದ್ದರು. ಅಪ್ಪ ಅಕ್ಕನ ಜೋಕಾಲಿಯ ಹತ್ತಿರ ಹೋಗಿ ಮೆಲ್ಲಗೆ, “ಗುಳಿಗಿ ತಗೋತಿ ಇಲ್ಲ?” ಎಂದು ಕೇಳಿದ್ದನ್ನು ನಾನು ಕೇಳಿದೆ. ಅಕ್ಕ ಜೋಕಾಲಿ ನಿಲ್ಲಿಸದೆಯೇ ಹೂಂ ಎಂದಳು.

ತೆಗೆದುಕೊಳ್ಳುತ್ತಿರಲಿಲ್ಲ. ಅದು ನಮಗೆ ತಿಳಿದದ್ದು ಮರುವರ್ಷ, ಎಲ್ಲ ಕೈಮೀರಿದ ಮೇಲೆ, ಅವಳ ಬಾಯಿಂದಲೇ. ತುಂಬಿದ ಮನೆ. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಕು. ಬೆಳಿಗ್ಗೆ ಒಬ್ಬಳೇ ಇರಲು ಒಂದು ಮೂಲೆಯೂ ಸಿಗುತ್ತಿರಲಿಲ್ಲ. ಒಂದು ದಿನ ಅತ್ತೆ ಡಬ್ಬಿ ನೋಡಿದರು. “ಮಕ್ಕಳಾಗಬಾರದಂತ ತಗೊಳ್ಳಾಕತ್ತೀ ಏನ?” ಎಂದರು. ಹೊಸ ಸೊಸೆಯ ಟ್ರಂಕಿನ ತಳದಲ್ಲಿ ಅಷ್ಟೊಂದು ಗುಳಿಗೆ ಕಂಡರೆ ಯಾರಿಗಾದರೂ ಬರುವ ಅನುಮಾನವೇ. ಅಕ್ಕ ಶಕ್ತಿ ಗುಳಿಗಿ ಎಂದಳು. ಅವರು ನಂಬಲಿಲ್ಲ. ಥೈಸಿಸ್ ಎಂದಳು. “ತಾಯಿದು ಹರಕಿ ತೀರಿಸಿ ಬಂದೇವಲ್ಲ, ಇನ್ನ ಯಾತರ ಗುಳಿಗಿ?” ಎಂದು ಅವರು ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದರು. ಅಕ್ಕನಿಗೆ ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಆರಾಮಾಗಿದೆ, ಇನ್ನೇಕೆ ಎಂದುಕೊಂಡಳು. ನಮಗೆ ಹೇಳಿದರೆ ಅಪ್ಪ ಹೆದರುತ್ತಾರೆಂದು ಅದನ್ನೂ ಹೇಳಲಿಲ್ಲ.

ಮುಂದಿನ ದ್ರಾಕ್ಷಿ ಸುಗ್ಗಿಯಲ್ಲಿ ಮಾಮಾ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ನಮ್ಮ ಮನೆಗೆ ಕರೆತಂದರು. ಇಳಿಸಿಕೊಳ್ಳಲು ಹೋದಾಗ ಅವಳ ತೋಳು ನನ್ನ ಒಂದೇ ಹಿಡಿಯೊಳಗೆ ಬಂತು. ಸೆರಗಿನ ತುದಿಯಲ್ಲಿ ರಕ್ತದ ಕಲೆ ಇತ್ತು. ಮಾಮಾ ಅಪ್ಪನ ಮುಂದೆ ನಿಂತು, ಕಷ್ಟಪಟ್ಟು ನಾಲಿಗೆ ಹೊರಳಿಸಿ, “ಥೈಸಿಸ್ ತಿರುಗಿ ಬಂದಂಗ ಕಾಣತೈತ್ರಿ ಮಾಸ್ತರ” ಎಂದರು. ಅಪ್ಪ ಹೇಳಿಕೊಟ್ಟ ಉಚ್ಚಾರವನ್ನು ಅವರು ಒಂದಿಷ್ಟೂ ತಪ್ಪಿರಲಿಲ್ಲ.

ಅಲ್ಲಿಂದ ನೇರ ಮಿರಜಿಗೆ. ನಮ್ಮ ಕಡೆಯ ದೊಡ್ಡ ಕಾಯಿಲೆಗಳೆಲ್ಲ ಮಿರಜಿಗೇ ಹೋಗುತ್ತವೆ. ಅಲ್ಲಿ ನೋಡಿದ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು. “ಟಿ.ಬಿ. ಐತಿ. ಭಾಳ ಮುಂದ ಹೋಗೇತಿ” ಎಂದರು.

“ಇಲ್ರಿ ಸಾಹೇಬ್ರ, ಈಕಿಗೆ ಆಗಿದ್ದು ಥೈಸಿಸ್” ಎಂದರು ಮಾಮಾ.

ಡಾಕ್ಟರು ಒಂದು ಕ್ಷಣ ಯೋಚಿಸಿ, “ಹಳೇ ಪುಸ್ತಕದಾಗ ಹಂಗ ಅಂತಿದ್ರು. ಎರಡೂ ಒಂದಽ” ಎಂದರು.

ಮಾಮಾ ಅಪ್ಪನ ಕಡೆ ತಿರುಗಿದರು. ಆಸ್ಪತ್ರೆಯ ಪಡಸಾಲೆಯಲ್ಲಿ ಅಪ್ಪ, ಅವ್ವ, ಮಾಮಾ, ನಾನು, ನಾಲ್ಕು ಜನ ನಿಂತಿದ್ದೆವು. ಜಗಳವಾಗುತ್ತದೆಂದು ನಾನು ಅವ್ವನ ಹಿಂದೆ ಸರಿದೆ. ಜಗಳವಾಗಲಿಲ್ಲ.

“ಮೊದಲಽ ಗೊತ್ತಿತ್ತೇನ್ರಿ ನಿಮಗ?” ಎಂದು ಮಾಮಾ ಕೇಳಿದರು.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

“ನಮ್ಮ ಸಣ್ಣ ಕಾಕಾಗ ಆಗಿತ್ರಿ ಇದು” ಎಂದರು ಮಾಮಾ. “ಗುಳಿಗಿ ತಗೊಂಡು ನೆಟ್ಟಗಾಗ್ಯಾನ. ಈಗ ತ್ವಾಟಕ್ಕ ನೀರ ಹಾಯ್ಸಾಂವ ಅವನಽ. ನಮ್ಮ ಮನಿಗೇನ ಇದು ಹೊಸಾದಲ್ಲ. ಒಂದ ಮಾತ ಹೇಳಿದ್ರ, ನಾನಽ ದಿನಾ ಮುಂಜಾನೆ ಮುಂದ ಕುಂತು ನುಂಗಸ್ತಿದ್ನೆಲ್ರಿ.”

ಅವರ ದನಿ ಏರಲಿಲ್ಲ. ಹೇಳಿ ಮುಗಿಸಿ ಔಷಧ ತರಲು ಹೋದರು. ಬೈದಿದ್ದರೆ ಅಪ್ಪ ಏನಾದರೂ ಉತ್ತರ ಕೊಟ್ಟು ಹಗುರಾಗುತ್ತಿದ್ದರೋ ಏನೋ. ಅಲ್ಲಿದ್ದ ಬೆಂಚಿನ ಮೇಲೆ ಕೂತವರು ಸಂಜೆಯವರೆಗೆ ಏಳಲಿಲ್ಲ.

ಹಳೆಯ ಡಾಕ್ಟರು ಹೇಳಿದಂತೆಯೇ ಆಯಿತು. ಆ ಗುಳಿಗೆಗಳು ನಾಟಲಿಲ್ಲ. ಬೇರೆ ಸೂಜಿ, ಬೇರೆ ಗುಳಿಗೆ ಎಲ್ಲ ಆದವು. ಮಾಮಾ ತೋಟ ಬಿಟ್ಟು ಮಿರಜಿಯಲ್ಲೇ ಉಳಿದರು. ಬೀಗಿತ್ತಿ ಬಂದು ಅಕ್ಕನ ಕಾಲ ಬಳಿ ಕೂತು, “ನನಗೇನ ಗೊತ್ತಿತ್ತವ್ವಾ” ಎಂದು ಬಿಕ್ಕಿದರು. ಅಕ್ಕ ಅವರ ಕೈಯನ್ನು ತಟ್ಟುತ್ತಿದ್ದಳು, ಮಕ್ಕಳನ್ನು ಮಲಗಿಸುವವರ ಹಾಗೆ.

ಒಂದು ಮಧ್ಯಾಹ್ನ ಅಪ್ಪ ಅವಳ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದರು. ಅಕ್ಕ ಬಹಳ ಹೊತ್ತು ಅವರ ಕೈಯನ್ನೇ ನೋಡಿ, “ಅಪ್ಪಾ” ಎಂದಳು.

“ಏನವಾ?”

“ಇನ್ನ ಮ್ಯಾಲ ಸಾಲ್ಯಾಗ ಆ ಶಬ್ದ ಹುಡುಗೂರಿಗೆ ಕೇಳಬ್ಯಾಡ.”

ಅಪ್ಪ ಇಲ್ಲ ಎಂದರು. ತೊಳೆಗಳನ್ನು ಬಿಡಿಸಿ ಬಿಡಿಸಿ ತಟ್ಟೆಯಲ್ಲಿ ಇಟ್ಟರು. ಅಕ್ಕ ಒಂದನ್ನೂ ತಿನ್ನಲಿಲ್ಲ. ಆ ವಾರವೇ ಅವಳು ಹೋದಳು.

ಅಪ್ಪ ಆಮೇಲೂ ಕೆಲವು ವರ್ಷ ಕಲಿಸಿದರು. ಥೈಸಿಸ್ ಒಂದನ್ನೇ ಅಲ್ಲ, ಯಾವ ಶಬ್ದದ ಸ್ಪೆಲ್ಲಿಂಗನ್ನೂ ಅವರು ಎದ್ದು ನಿಲ್ಲಿಸಿ ಕೇಳಲಿಲ್ಲವಂತೆ. ಪಾಠ ಓದಿಸಿ, ಅರ್ಥ ಹೇಳಿ ಬರುತ್ತಿದ್ದರು. ಮಾಮಾ ಎರಡು ವರ್ಷ ಬಿಟ್ಟು ಮತ್ತೆ ಮದುವೆಯಾದರು. ಹೊಸ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಆಕೆ ಬಾಗಿಲಲ್ಲೇ ನನ್ನ ಅವ್ವನನ್ನು “ಅವ್ವಾ” ಎಂದು ಕರೆದಳು. ಅವ್ವ ಒಳಗೆ ಕರೆದೊಯ್ದು ಉಡಿ ತುಂಬಿ ಕಳಿಸಿದಳು. ಅವರು ಹೋದ ಮೇಲೆ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಅಪ್ಪನಿಗೆ ಮಾತ್ರ ಅವ್ವ ಒಂದು ದಿನವೂ ಏನೂ ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ಚಹಾ, ಹೊತ್ತಿಗೆ ಸರಿಯಾಗಿ ರೊಟ್ಟಿ. ಹಳೆಯದನ್ನು ಎತ್ತಿ ಆಡದ ದೊಡ್ಡ ಮನಸ್ಸು ಅವ್ವನದು ಎಂದು ನಾನು ತಿಳಿದಿದ್ದೆ.

ತೊಂಬತ್ತರ ದಶಕದಲ್ಲಿ ನಾನು ಕನ್ನಡ ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಭಾಷಾವಿಜ್ಞಾನ ಕಲಿಸುವ ಸರ್ ಒಬ್ಬರು ಸಂಸ್ಕೃತಕ್ಕೂ ಗ್ರೀಕಿಗೂ ಇರುವ ನಂಟನ್ನು ಹೇಳುತ್ತಿದ್ದರು. ಪಿತೃ ಅಲ್ಲಿ ಪತೇರ್, ಮಾತೃ ಅಲ್ಲಿ ಮಾತೇರ್ ಎಂದೆಲ್ಲ. ಕ್ಲಾಸು ಮುಗಿದ ಮೇಲೆ ನಾನು ಹೋಗಿ ಥೈಸಿಸ್ ಎಂಬ ಶಬ್ದ ಎಲ್ಲಿಂದ ಬಂತೆಂದು ಕೇಳಿದೆ. ಸರ್ ಮರುದಿನ ಪುಸ್ತಕ ನೋಡಿಕೊಂಡು ಬಂದು ಬಹಳ ಉಮೇದಿನಿಂದ ಹೇಳಿದರು. ಗ್ರೀಕಿನಲ್ಲಿ ಅದು ಸವೆಯುವುದು, ಕರಗುವುದು ಎಂಬ ಅರ್ಥದ ಶಬ್ದ. ತಿಂಗಳು ಕಳೆಯುತ್ತ ಬಂದರೂ ಅವರು ಅದೇ ಧಾತು ಬಳಸುತ್ತಿದ್ದರು. ನಾವು ಅನ್ನದಿದ್ದರೂ ಗ್ರೀಕರು ಆ ಮೊದಲಿನ ಪಿ ಎಚ್ ಅನ್ನು ಬಾಯಿತುಂಬ ಅನ್ನುತ್ತಿದ್ದರು. ಅವರ ಬಾಯಲ್ಲಿ ಫ್ಥಿ ಆದದ್ದೇ ಸಂಸ್ಕೃತದ ಬಾಯಲ್ಲಿ ಕ್ಷಿ. “ನಮ್ಮ ಕ್ಷಯ ಐತಲ್ಲವಾ, ಅದೂ ಇದೂ ಒಂದಽ ಬೇರಿನವು. ಒಡಹುಟ್ಟಿದವು” ಎಂದರು. ಅವರಿಗೆ ಕೈಮುಗಿದು ಹಾಸ್ಟೆಲಿಗೆ ಬಂದು ಮುಸುಕು ಹಾಕಿಕೊಂಡು ಮಲಗಿದೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಷ್ಟು ದೂರ ಹೋಗಿದ್ದ ಶಬ್ದವೊಂದು ನಮ್ಮ ಮನೆಯ ಶಬ್ದವನ್ನೇ ಮುಚ್ಚಿಡಲು ತಿರುಗಿ ಬಂದಿತ್ತು.

ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತೂಗಿದೆ. ದೀಪಾವಳಿಗೆ ಊರಿಗೆ ಬಂದಾಗ ಹೇಳಿದೆ. ಅಪ್ಪ ಆಗ ನಿವೃತ್ತರು. ಅಂಗಳದ ಕುರ್ಚಿಯಲ್ಲಿ ಬಿಸಿಲಿಗೆ ಕೂತಿದ್ದರು. ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಅಪ್ಪಾ, ಥೈಸಿಸ್ ಮತ್ತ ಕ್ಷಯ ಎರಡೂ ಮೂಲದಾಗ ಒಂದಽ ಶಬ್ದಂತ” ಎಂದು ಸರ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ.

ಅಪ್ಪ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಎಷ್ಟೋ ವರ್ಷಗಳ ಮೇಲೆ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಹಂಗಾರ... ನಾ ಅವರಿಗೆ ಖರೇನಽ ಹೇಳಿದ್ದೆ ಅಂದಂಗಾತು” ಎಂದರು.

ಮೊರದ ಸದ್ದು ನಿಂತಿತು.

“ಇಲ್ಲ” ಎಂದಳು ಅವ್ವ. “ನೀವು ಹೇಳಲಿಲ್ಲ.”

ಅಷ್ಟು ವರ್ಷಗಳಲ್ಲಿ ಅವಳು ಆ ವಿಷಯವಾಗಿ ಆಡಿದ ಮಾತು ಅದೊಂದೇ. ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದಳು. ಹೊಟ್ಟು ಗಾಳಿಗೆ ಹಾರಿ ಅಪ್ಪನ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ಅಪ್ಪ ಅದನ್ನು ಝಾಡಿಸಿಕೊಳ್ಳಲಿಲ್ಲ.

“ಹೌದು” ಎಂದರು. “ಹೇಳಲಿಲ್ಲ.”